ಸುರುಳಿಯೊಳಗಿನ ಬಿಸಿಗೆ ಗಾಜಿನ ಎಳೆ

2009ರ ಆಗಸ್ಟ್ 17ರ ಬೆಳಗ್ಗೆ ರಷ್ಯಾದ ಸಯಾನೊ-ಶುಶೆನ್‌ಸ್ಕಾಯಾ ಜಲವಿದ್ಯುತ್ ಕೇಂದ್ರದ ಎರಡನೇ ಘಟಕದಲ್ಲಿ ಟರ್ಬೈನಿನ ಮುಚ್ಚಳವೇ ಕಿತ್ತುಬಂತು. ಯಂತ್ರಾಗಾರಕ್ಕೆ ನೀರು ನುಗ್ಗಿ 75 ಮಂದಿ ಸತ್ತರು. ತನಿಖೆಯಲ್ಲಿ ಪರೀಕ್ಷಿಸಿದ, ಆ ಮುಚ್ಚಳವನ್ನು ಬಿಗಿದಿದ್ದ 49 ಬೋಲ್ಟುಗಳ ಪೈಕಿ 41ರಲ್ಲಿ ಲೋಹ ದಣಿದು ಬಿದ್ದ ಬಿರುಕುಗಳಿದ್ದವು. ಅಂಥ ಬಿರುಕು ಒಂದು ದಿನದ್ದಲ್ಲ. ಕಂಪನ ಮಿತಿ ಮೀರಿತ್ತು. ಯಂತ್ರವನ್ನು ಯಾರೂ ನಿಲ್ಲಿಸಲಿಲ್ಲ.

ಹೀಗೆ ಒಳಗೊಳಗೇ ಬೆಳೆಯುವ ಹಾನಿ ಜನರೇಟರಿನಲ್ಲೂ ಆಗುತ್ತದೆ. ನಮ್ಮ ಕರ್ನಾಟಕದ ಶರಾವತಿ ಜಲವಿದ್ಯುತ್ ಕೇಂದ್ರದ 10 ಘಟಕಗಳು, ಒಟ್ಟು 1035 ಮೆಗಾವಾಟ್, ದಶಕಗಳಷ್ಟು ಹಳೆಯವು. ಹಗಲು ಸೌರವಿದ್ಯುತ್ತು ತುಂಬಿ ಬರುವಾಗ ಜಲವಿದ್ಯುತ್ತನ್ನು ಇಳಿಸಿ, ಸಂಜೆ ಏರಿಸುವ ಕಾಲ ಇದು. ಪ್ರತಿ ಏರಿಳಿತಕ್ಕೂ ಜನರೇಟರಿನ ತಿರುಗದ ಭಾಗವಾದ ಸ್ಟೇಟರಿನ ಸುರುಳಿಯ ತಾಮ್ರ ಹಿಗ್ಗಿ ಕುಗ್ಗುತ್ತದೆ. ಅದನ್ನು ಸುತ್ತಿರುವ ಅಭ್ರಕದ ನಿರೋಧಕ ಹೊದಿಕೆ ಅದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ವರ್ಷಗಳು ಕಳೆದಂತೆ ಹಿಡಿತ ಸಡಿಲವಾಗುತ್ತದೆ. ಸಡಿಲವಾದ ಸುರುಳಿಯನ್ನು ಕಾಂತಬಲ ಸೆಕೆಂಡಿಗೆ 100 ಸಲ, ಅಂದರೆ ಗಂಟೆಗೆ 3,60,000 ಸಲ ಅಲುಗಿಸುತ್ತದೆ. ಹೊದಿಕೆ ಉಜ್ಜಿ ಸವೆಯುತ್ತದೆ. ಬಿಸಿಯೂ ಜೊತೆಗೂಡಿದರೆ ಸವೆತ ಇನ್ನೂ ಬೇಗ: ಉಷ್ಣತೆ ಸುಮಾರು 10 ಡಿಗ್ರಿ ಏರಿದರೆ ನಿರೋಧಕದ ಆಯುಸ್ಸು ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳ ಹಳೆಯ ಲೆಕ್ಕ. ಕೊನೆಗೆ ಹೊದಿಕೆ ಸೀಳಿ ಕಿಡಿ ಹಾರಿತೆಂದರೆ ಇಡೀ ಘಟಕ ತಿಂಗಳುಗಟ್ಟಲೆ ಮಲಗುತ್ತದೆ.

ಈಗಿರುವ ತಾಪಮಾಪಕಗಳು ಸಾಮಾನ್ಯವಾಗಿ ಸುರುಳಿ ಕೂರುವ ತೋಡಿನೊಳಗೆ ಮೇಲಿನ ಸುರುಳಿಗೂ ಕೆಳಗಿನದಕ್ಕೂ ನಡುವೆ, ಹೊದಿಕೆಯ ಹೊರಗೆ ಕುಳಿತಿರುತ್ತವೆ. ಕಂಬಳಿಯ ಮೇಲೆ ಕೈಯಿಟ್ಟು ಜ್ವರ ನೋಡಿದ ಹಾಗೆ. ಸಾವಿರಾರು ವೋಲ್ಟಿನ ತಾಮ್ರಕ್ಕೆ ಲೋಹದ ತಂತಿ ತಾಗಿಸುವಂತಿಲ್ಲ. ಬೆಳಕನ್ನು ಸಾಗಿಸುವ ಗಾಜಿನ ಎಳೆಗೆ, ಅಂದರೆ ಆಪ್ಟಿಕಲ್ ಫೈಬರಿಗೆ, ಆ ಭಯವಿಲ್ಲ. ಅದರಲ್ಲಿ ವಿದ್ಯುತ್ ಹರಿಯದು, ಕಾಂತಕ್ಷೇತ್ರ ಅದರ ಸಂಕೇತವನ್ನು ಕೆಡಿಸದು.

ಕೂದಲಿನಷ್ಟು ತೆಳುವಾದ ಈ ಎಳೆಯ ತಿರುಳಿನಲ್ಲಿ ನೇರಳಾತೀತ ಬೆಳಕಿನಿಂದ ಸೂಕ್ಷ್ಮ ಗೆರೆಗಳನ್ನು ಮೂಡಿಸುತ್ತಾರೆ. ಇದು ಬ್ರ್ಯಾಗ್ ಗ್ರೇಟಿಂಗ್. ಒಳಬಂದ ಬೆಳಕಿನಲ್ಲಿ ಒಂದೇ ತರಂಗಾಂತರವನ್ನು ಅದು ಹಿಂದಿರುಗಿಸುತ್ತದೆ. ಬಿಸಿಯಾದರೆ ಆ ತರಂಗಾಂತರ ಡಿಗ್ರಿಗೆ ಸುಮಾರು 10 ಪಿಕೊಮೀಟರ್ ಸರಿಯುತ್ತದೆ. ಎಳೆದರೂ ಸರಿಯುತ್ತದೆ, ಹಾಗಾಗಿ ಬಿಸಿ ಅಳೆಯುವ ತುಣುಕನ್ನು ಸಣ್ಣ ಕೊಳವೆಯಲ್ಲಿ ಸಡಿಲವಾಗಿಡುತ್ತಾರೆ, ಕಂಪನದ್ದಕ್ಕೆ ಪುಟ್ಟ ಭಾರ ಕಟ್ಟುತ್ತಾರೆ. ಒಂದೇ ಎಳೆಯ ಮೇಲೆ ಹತ್ತಾರು ಕಡೆ ಅಳೆಯಬಹುದು.

ಅಳತೆಯೊಂದೇ ಸಾಲದು. ಮಿತಿ ಮೀರಿದಾಗ ಯಂತ್ರ ತಾನೇ ನಿಲ್ಲುವಂತಿರಬೇಕು. ಇನ್ನೊಂದು ಮಾತು: ಹೊದಿಕೆಯೊಳಗೆ, ತಾಮ್ರಕ್ಕೆ ತಾಗಿದಂತೆ ಎಳೆ ಇಡುವ ಅವಕಾಶ ಸುರುಳಿ ತಯಾರಾಗುವಾಗ ಮಾತ್ರ ಸಿಗುತ್ತದೆ. ಹಳೆಯ ಜನರೇಟರುಗಳ ಮರುಸುತ್ತಿಗೆ ಟೆಂಡರ್ ಬರೆಯುವವರು ಎಳೆ ಇಡಬೇಕೆಂಬ ಒಂದು ಸಾಲನ್ನು ಈಗಲೇ ಸೇರಿಸಲಿ.