ರೋಗದ ಲೆಕ್ಕ ಹಾಕುವವರು

ಸಹೋದರಿಯರೇ, ಮದುವೆ ಮನೆಯಲ್ಲಿ ಎಷ್ಟು ಕಿಲೋ ಅಕ್ಕಿ ಬೇಯಿಸಬೇಕೆಂದು ನೀವು ಹೇಗೆ ತೀರ್ಮಾನಿಸುತ್ತೀರಿ? ಕರೆದವರೆಷ್ಟು, ಬರುವವರೆಷ್ಟು, ಅವರಲ್ಲಿ ಮಕ್ಕಳೆಷ್ಟು ಎಂದು ಅಂದಾಜು ಮಾಡುತ್ತೀರಿ. ಸಾಂಕ್ರಾಮಿಕ ರೋಗಗಳ ವಿಷಯದಲ್ಲಿ ಇಂತಹದೇ ಅಂದಾಜನ್ನು ಗಣಿತದಿಂದ ಮಾಡುವವರಿದ್ದಾರೆ. ಅವರೇ ಬಯೋಸ್ಟಾಟಿಸ್ಟೀಶಿಯನ್‌ಗಳು, ಅಂದರೆ ಜೈವಿಕ ಸಂಖ್ಯಾಶಾಸ್ತ್ರಜ್ಞರು. ಅವರು ನಾಡಿ ಹಿಡಿಯುವುದಿಲ್ಲ, ಔಷಧಿ ಬರೆಯುವುದಿಲ್ಲ. ಆದರೆ ರೋಗ ಎಷ್ಟು ಮಂದಿಗೆ ತಗಲಬಹುದು, ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಬೇಕು, ಎಷ್ಟು ಮಕ್ಕಳಿಗೆ ಲಸಿಕೆ ಕೊಟ್ಟರೆ ರೋಗ ನಿಲ್ಲುತ್ತದೆ ಎಂದು ಲೆಕ್ಕ ಹಾಕುತ್ತಾರೆ.

ಮುಂಬೈಯ ಪ್ಲೇಗ್ ಮತ್ತು ಒಂದು ಸೂತ್ರ

ಈ ವಿದ್ಯೆಗೆ ನಮ್ಮ ದೇಶದ ನಂಟಿದೆ. ಕಸೌಲಿಯ ಪಾಶ್ಚರ್ ಸಂಸ್ಥೆಯಲ್ಲಿ ದುಡಿದಿದ್ದ ವೈದ್ಯ ಮೆಕೆಂಡ್ರಿಕ್, ಎಡಿನ್‌ಬರೋದ ರಸಾಯನ ವಿಜ್ಞಾನಿ ಕರ್ಮ್ಯಾಕ್ ಜೊತೆ ಸೇರಿ 1927ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಕರ್ಮ್ಯಾಕ್ 1924ರಲ್ಲೇ ಪ್ರಯೋಗಾಲಯದ ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡಿದ್ದರು. ತಮ್ಮ ಸೂತ್ರವನ್ನು ಅವರು 1905-06ರ ಮುಂಬೈ ಪ್ಲೇಗಿನ ಸಾವಿನ ಅಂಕಿಗಳೊಂದಿಗೆ ಹೋಲಿಸಿದರು.

ರೋಗ ತಗಲಬಹುದಾದವರು, ರೋಗ ಹರಡುತ್ತಿರುವವರು, ಗುಣವಾದವರು ಅಥವಾ ತೀರಿಕೊಂಡವರು ಎಂದು ಜನರನ್ನು ಮೂರು ಗುಂಪು ಮಾಡಿದ್ದೇ ಆ ಸೂತ್ರದ ಬುನಾದಿ. ಎಲ್ಲರಿಗೂ ತಗಲಿದ ಮೇಲೆಯೇ ರೋಗ ನಿಲ್ಲಬೇಕೆಂದಿಲ್ಲ. ತಗಲಬಹುದಾದವರ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ಅದು ಇಳಿಮುಖವಾಗುತ್ತದೆ ಎಂದು ಅವರು ತೋರಿಸಿಕೊಟ್ಟರು.

ಮೂರೇ ಮಕ್ಕಳ ಜಾಗ

ದಡಾರವನ್ನೇ ತೆಗೆದುಕೊಳ್ಳಿ. ಯಾರಿಗೂ ರಕ್ಷಣೆಯಿಲ್ಲದ ಕಡೆ ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ಅದು ಹರಡಬಲ್ಲದು. 15 ಎಂದಿಟ್ಟುಕೊಳ್ಳೋಣ. ಅವರಲ್ಲಿ 14 ಮಂದಿಗೆ ರಕ್ಷಣೆಯಿದ್ದರೆ ರೋಗ ಒಬ್ಬನಿಗೆ ಮಾತ್ರ ದಾಟುತ್ತದೆ. ರಕ್ಷಣೆ ಇನ್ನೂ ತುಸು ಹೆಚ್ಚಿದರೆ ಸರಪಳಿ ಕಡಿಯುತ್ತದೆ. ನೂರಕ್ಕೆ 95 ಮಕ್ಕಳಿಗೆ ಲಸಿಕೆ ಆಗಬೇಕೆನ್ನುವುದು ಇದೇ ಕಾರಣಕ್ಕೆ.

60 ಮಕ್ಕಳ ತರಗತಿಯಲ್ಲಿ ಇದು 57 ಆಗುತ್ತದೆ. ಉಳಿಯುವುದು ಮೂರೇ ಜಾಗ.

2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ನನ್ನ ತರಗತಿಯ ಕೆಲವು ತಾಯಂದಿರು ಮೊಬೈಲಿನಲ್ಲಿ ಬಂದ ಸುದ್ದಿ ನಂಬಿ, "ನಮ್ಮ ಮಗುವಿಗೆ ಬೇಡ" ಎಂದು ಚೀಟಿ ಕಳುಹಿಸಿದ್ದರು. ನಾಲ್ಕೈದು ಮಕ್ಕಳು ಬಿಟ್ಟರೆ ಏನಾದೀತು ಎಂದು ನಾನೂ ಸುಮ್ಮನಿದ್ದೆ. ಈ ಲೆಕ್ಕ ಅಂದು ನನಗೆ ತಿಳಿದಿರಲಿಲ್ಲ. ಆ ಮೂರು ಜಾಗ ನಿಜವಾಗಿ ಯಾರದು? ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ, ಈ ಲಸಿಕೆ ಹಾಕಿಸಿಕೊಳ್ಳಲಾಗದ ಮಗುವಿನದು. ಮನೆಯಲ್ಲಾದರೆ ಇನ್ನೂ ಒಂಬತ್ತು ತಿಂಗಳು ತುಂಬದ ಹಸುಳೆಯದು. ನಮ್ಮ ಆರೋಗ್ಯವಂತ ಮಗುವನ್ನು ಅಲ್ಲಿ ಕೂರಿಸಿದರೆ ಅವರಿಗೆ ಜಾಗವೆಲ್ಲಿ?

ಇಂದೇ ತಾಯಿ ಕಾರ್ಡ್ ತೆಗೆದು ನೋಡಿ. ಮೊದಲ ಡೋಸ್ 9ರಿಂದ 12 ತಿಂಗಳೊಳಗೆ, ಎರಡನೆಯದು 16ರಿಂದ 24 ತಿಂಗಳೊಳಗೆ ಆಗಿರಬೇಕು. ತಪ್ಪಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ಮತ್ತೊಂದು ಮಾತು. ನಿಮ್ಮ ಮಗಳಿಗೆ ಗಣಿತ ಇಷ್ಟವಾದರೆ "ಹೆಣ್ಣಿಗೇಕೆ ಇಷ್ಟು ಲೆಕ್ಕ?" ಎನ್ನಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಈ ಶಾಸ್ತ್ರಕ್ಕೇ ವಿಭಾಗಗಳಿವೆ. ಯಾರಿಗೆ ಗೊತ್ತು, ನಾಳೆ ಅವಳ ಲೆಕ್ಕವೇ ಯಾವುದೋ ಊರಿನ ಹಸುಳೆಯನ್ನು ಕಾಪಾಡೀತು.