ಕರೆಂಟು ಬಂದಾಗ ತಾನೇ ಏಳುವ ಪರದೆ

ಅಪಾರ್ಟ್‌ಮೆಂಟಿನ ಗೇಟು, ಕಲ್ಯಾಣ ಮಂಟಪದ ಕಚೇರಿ, ಸಹಕಾರಿ ಬ್ಯಾಂಕು, ಚಿನ್ನದಂಗಡಿ, ಇವತ್ತು ಎಲ್ಲಿಗೆ ಹೋದರೂ ಗೋಡೆಯ ಮೇಲೊಂದು ಟಿ.ವಿ., ಅದರೊಳಗೆ ನಾಲ್ಕೋ ಒಂಬತ್ತೋ ಹದಿನಾರೋ ಚೌಕಗಳು. ಒಂದರಲ್ಲಿ ಮೆಟ್ಟಿಲು, ಇನ್ನೊಂದರಲ್ಲಿ ಪಾರ್ಕಿಂಗ್, ಮತ್ತೊಂದರಲ್ಲಿ ಹಿಂಬಾಗಿಲು. ಕ್ಯಾಮೆರಾ ಕೊಳ್ಳುವಾಗ ನಾಲ್ಕು ಕಡೆ ಕೊಟೇಶನ್ ತರಿಸುವ, ಎಷ್ಟು ಮೆಗಾಪಿಕ್ಸೆಲ್, ಕತ್ತಲಲ್ಲಿ ಎಷ್ಟು ದೂರ ಕಾಣುತ್ತದೆ ಎಂದೆಲ್ಲ ವಿಚಾರಿಸುವ ಮಂದಿ, ಆ ಟಿ.ವಿ.ಯ ಮಾತು ಬಂದಾಗ ‘ಯಾವುದಾದರೂ ಹಾಕಿ’ ಎಂದುಬಿಡುತ್ತಾರೆ. ವಾಚ್‌ಮನ್ ರಾತ್ರಿಯಿಡೀ ನೋಡುವುದು ಮಾತ್ರ ಅದನ್ನೇ.

ಚಿಕ್ಕ ಅಂಗಡಿಗಳಲ್ಲಿ ರೆಕಾರ್ಡರ್‌ನಿಂದಲೇ ಒಂದು ಎಚ್‌ಡಿಎಂಐ ವೈರು ಎಳೆದು ಟಿ.ವಿ.ಗೆ ಚುಚ್ಚಿದರೆ ಕೆಲಸ ಮುಗಿಯಿತು. ಆದರೆ ಆಗ ರೆಕಾರ್ಡರ್ ಕೂಡ ಟಿ.ವಿ.ಯ ಪಕ್ಕದಲ್ಲೇ, ಎಲ್ಲರ ಕೈಗೆ ಸಿಗುವಂತೆ ಕೂರಬೇಕಾಗುತ್ತದೆ. ಕಳ್ಳ ಹೋಗುವಾಗ ಅದನ್ನೇ ಎತ್ತಿಕೊಂಡು ಹೋದರೆ ಉಳಿಯುವುದು ಖಾಲಿ ವೈರು. ಆದ್ದರಿಂದ ರೆಕಾರ್ಡರ್ ಒಳಗೆಲ್ಲೋ ಬೀಗ ಹಾಕಿದ ಕೋಣೆಯಲ್ಲಿರಬೇಕು, ನೋಡುವ ಪರದೆ ಗೇಟಿನಲ್ಲಿರಬೇಕು. ಹೀಗೆ ಎರಡನ್ನೂ ಬೇರೆ ಮಾಡಿದ ಕೂಡಲೇ ಪರದೆಯ ಹಿಂದೆ ಒಂದು ಪುಟ್ಟ ಕಂಪ್ಯೂಟರ್ ಬೇಕು, ಅದರಲ್ಲಿ ಕ್ಯಾಮೆರಾ ತೋರಿಸುವ ತಂತ್ರಾಂಶ ಬೇಕು. ಕೀಬೋರ್ಡು, ಮೌಸು ಇಲ್ಲದೆ ಒಂದೇ ಕೆಲಸಕ್ಕೆ ಮೀಸಲಾಗಿ ನಡೆಯುವ ಇಂಥ ಪರದೆಗೆ ಕಿಯೋಸ್ಕ್ ಎನ್ನುತ್ತಾರೆ.

ದೂರದ ಕ್ಯಾಮೆರಾವನ್ನು ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ನೋಡುವ ಅಭ್ಯಾಸ ಇಂಟರ್ನೆಟ್ಟಿನ ವೆಬ್‌ ಪುಟಗಳು ಎಲ್ಲೆಡೆ ಹರಡುವ ಮೊದಲೇ ಶುರುವಾದದ್ದು, ಅದೂ ಕಾಫಿಯ ದೆಸೆಯಿಂದ. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಕಾಫಿ ಪಾತ್ರೆ ಇದ್ದದ್ದು ಟ್ರೋಜನ್ ರೂಮ್ ಎಂಬ ಕೋಣೆಯ ಬಳಿ. ಬೇರೆ ಮಹಡಿಗಳಿಂದ ಇಳಿದು ಬಂದವರಿಗೆ ಪಾತ್ರೆ ಖಾಲಿ. 1991ರಲ್ಲಿ ಕ್ವೆಂಟಿನ್ ಸ್ಟಾಫರ್ಡ್-ಫ್ರೇಸರ್ ಮತ್ತು ಪಾಲ್ ಜಾರ್ಡೆಟ್ಸ್ಕಿ ಪಾತ್ರೆಯತ್ತ ಒಂದು ಕ್ಯಾಮೆರಾ ತಿರುಗಿಸಿ, ಅದರ 128x128 ಚುಕ್ಕಿಗಳ ಕಪ್ಪುಬಿಳುಪು ಚಿತ್ರ ಎಲ್ಲರ ಪರದೆಯಲ್ಲೂ ಕಾಣುವಂತೆ ಮಾಡಿದರು. 1993ರಲ್ಲಿ ಅದು ವೆಬ್‌ಗೂ ಬಂತು, 2001ರವರೆಗೆ ನಡೆಯಿತು. ನಿಮಿಷಕ್ಕೆ ಮೂರು ಬಾರಿ ಚಿತ್ರ ಬದಲಾದರೆ ಕಾಫಿಗೆ ಅಷ್ಟು ಸಾಕಿತ್ತು. ಗೇಟಿಗೆ ಸಾಲದು.

ಇವತ್ತಿನ ನೆಟ್‌ವರ್ಕ್ ಕ್ಯಾಮೆರಾಗಳು ಚಿತ್ರವನ್ನು ಕಳಿಸುವುದು ಹೆಚ್ಚಾಗಿ ಆರ್‌ಟಿಎಸ್‌ಪಿ ಎಂಬ ಪದ್ಧತಿಯಲ್ಲಿ. 1998ರಲ್ಲಿ ಅದರ ನಿಯಮಗಳು ಪ್ರಕಟವಾದವು. ಆಕ್ಸಿಸ್, ಬಾಷ್, ಸೋನಿ ಕಂಪನಿಗಳು ಸೇರಿ 2008ರಲ್ಲಿ ಆನ್‌ವಿಫ್ ಎಂಬ ಒಕ್ಕೂಟ ಕಟ್ಟಿದ ಮೇಲೆ ಒಂದು ಕಂಪನಿಯ ಕ್ಯಾಮೆರಾ ಇನ್ನೊಂದು ಕಂಪನಿಯ ತಂತ್ರಾಂಶದ ಜತೆ ಮಾತಾಡುವುದು ಸಲೀಸಾಯಿತು. ಕ್ಯಾಮೆರಾ ಪೆಟ್ಟಿಗೆಯ ಮೇಲೆ ಆನ್‌ವಿಫ್ ಎಂದು ಬರೆದಿದೆಯೇ ಎಂದು ನೋಡಿ ಕೊಂಡವರು ಮುಂದೆ ಬಹಳ ಪೇಚಾಟದಿಂದ ಪಾರಾಗುತ್ತಾರೆ.

ಈ ಚಿತ್ರವನ್ನು ಕಿಯೋಸ್ಕ್‌ನಲ್ಲಿ ತೋರಿಸಹೊರಟಾಗ ಮೊದಲ ತೊಡಕು ಎದುರಾಗುವುದು ಬ್ರೌಸರಿನಲ್ಲಿ. ಕ್ರೋಮ್ ಆಗಲಿ ಫೈರ್‌ಫಾಕ್ಸ್ ಆಗಲಿ ಆರ್‌ಟಿಎಸ್‌ಪಿಯನ್ನು ನೇರವಾಗಿ ತೋರಿಸುವುದಿಲ್ಲ. ವಿಎಲ್‌ಸಿ, ಎಂಪಿವಿಯಂಥ ವಿಡಿಯೊ ಪ್ಲೇಯರ್‌ಗಳು ತೋರಿಸುತ್ತವೆ. ಒಂದೆರಡು ಕ್ಯಾಮೆರಾಗಳಿದ್ದರೆ ಅದೇ ಸಾಕು. ಹೆಚ್ಚಿದ್ದರೆ ಗೋಟುಆರ್‌ಟಿಸಿ, ಮೀಡಿಯಾಎಂಟಿಎಕ್ಸ್‌ನಂಥ ಉಚಿತ ತಂತ್ರಾಂಶವನ್ನು ನಡುವೆ ಕೂರಿಸಿ, ಬ್ರೌಸರಿಗೆ ತಿಳಿಯುವ ರೂಪಕ್ಕೆ ಬದಲಿಸಬೇಕು. ಅಲ್ಲೂ ಆಯ್ಕೆಯಿದೆ. ಎಚ್‌ಎಲ್‌ಎಸ್ ಎಂಬ ರೂಪದಲ್ಲಿ ಚಿತ್ರ ಸಾಮಾನ್ಯವಾಗಿ ಹಲವು ಸೆಕೆಂಡು ತಡವಾಗಿ ಬರುತ್ತದೆ. ಪರದೆಯಲ್ಲಿ ಗೇಟು ದಾಟುತ್ತಿರುವಂತೆ ಕಂಡ ಬೈಕು ಅಷ್ಟರಲ್ಲಿ ಮುಂದಿನ ತಿರುವಿನಲ್ಲಿರುತ್ತದೆ. ವೆಬ್‌ಆರ್‌ಟಿಸಿ ರೂಪದಲ್ಲಾದರೆ ತಡ ಸಾಮಾನ್ಯವಾಗಿ ಒಂದು ಸೆಕೆಂಡಿನೊಳಗೆ. ಕಾವಲಿಗೆ ಎರಡನೆಯದೇ ಸರಿ.

ಇನ್ನು ಎಲ್ಲಕ್ಕಿಂತ ಹೆಚ್ಚು ಕಡೆ ಎಡವಟ್ಟಾಗುವ ಜಾಗ. ಬಹುಪಾಲು ನೆಟ್‌ವರ್ಕ್ ಕ್ಯಾಮೆರಾಗಳು ಒಂದೇ ದೃಶ್ಯವನ್ನು ಎರಡು ಬಗೆಯಲ್ಲಿ ಕಳಿಸುತ್ತವೆ: ದೊಡ್ಡದು ಮೇನ್ ಸ್ಟ್ರೀಮ್, ಚಿಕ್ಕದು ಸಬ್ ಸ್ಟ್ರೀಮ್. ಮೇನ್ ಸ್ಟ್ರೀಮ್ 4 ಎಂಬಿಪಿಎಸ್‌ನಂತೆ ಬಂದರೆ 16 ಕ್ಯಾಮೆರಾಗೆ 64 ಎಂಬಿಪಿಎಸ್ ಆಯಿತು. ಅಷ್ಟನ್ನೂ ಪುಟ್ಟ ಕಂಪ್ಯೂಟರ್ ಏಕಕಾಲಕ್ಕೆ ಬಿಡಿಸಿ ತೋರಿಸಬೇಕು. ಅದು ಬಿಸಿಯಾಗುತ್ತದೆ, ಚಿತ್ರ ತಡವರಿಸುತ್ತದೆ, ಕೊನೆಗೆ ನಿಂತೇ ಹೋಗುತ್ತದೆ. ಮಾಲೀಕರು ಕ್ಯಾಮೆರಾ ಸರಿಯಿಲ್ಲ ಎಂದು ದೂರುತ್ತಾರೆ. ನಿಜವಾಗಿ ನೋಡಿದರೆ, ಪೂರ್ಣ ಎಚ್‌ಡಿ ಟಿ.ವಿ.ಯನ್ನು 16 ಚೌಕ ಮಾಡಿದಾಗ ಒಂದೊಂದು ಚೌಕಕ್ಕೆ ಸಿಗುವುದು 480x270 ಚುಕ್ಕಿಗಳಷ್ಟೇ. ಅದರೊಳಗೆ ಎಷ್ಟು ದೊಡ್ಡ ಚಿತ್ರ ತುರುಕಿದರೂ ಕಣ್ಣಿಗೆ ಕಾಣುವುದು ಅಷ್ಟೇ. ಚೌಕಗಳಿಗೆ ಸಬ್ ಸ್ಟ್ರೀಮ್, ಒಂದನ್ನು ದೊಡ್ಡದಾಗಿ ತೆರೆದಾಗ ಮೇನ್ ಸ್ಟ್ರೀಮ್ ಎಂದು ಹೊಂದಿಸಿದರೆ ಅದೇ 16 ಕ್ಯಾಮೆರಾ ಅರ್ಧ ಎಂಬಿಪಿಎಸ್‌ನಂತೆ ಬರೀ 8 ಎಂಬಿಪಿಎಸ್‌ನಲ್ಲಿ ಮುಗಿಯುತ್ತದೆ. ಇದಕ್ಕೆ ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ.

ಕಂಪ್ಯೂಟರ್ ಆರಿಸುವಾಗಲೂ ಹೊಸದೇ ಮೇಲೆಂದುಕೊಳ್ಳುವಂತಿಲ್ಲ. ಕಿಯೋಸ್ಕ್‌ಗೆಂದು ಅನೇಕರು ಬಳಸುವ ಅಂಗೈಯಗಲದ ರಾಸ್ಪ್‌ಬೆರಿ ಪೈಯ 4ನೇ ಮಾದರಿಯಲ್ಲಿ ಎಚ್.264 ಎಂಬ ರೂಪದ ವಿಡಿಯೊ ಬಿಡಿಸಲೆಂದೇ ಪ್ರತ್ಯೇಕ ಭಾಗವಿತ್ತು. 2023ರಲ್ಲಿ ಬಂದ 5ನೇ ಮಾದರಿ ಎಷ್ಟೋ ಪಾಲು ವೇಗದ್ದು, ಆದರೆ ಆ ಭಾಗ ಅದರಲ್ಲಿಲ್ಲ. ಎಚ್.265ಕ್ಕೆ ಮಾತ್ರ ಇದೆ. ಹೀಗಾಗಿ ಎಚ್.264 ಕ್ಯಾಮೆರಾಗಳ ಭಾರವೆಲ್ಲ ಅದರ ಮುಖ್ಯ ಪ್ರೊಸೆಸರ್ ಮೇಲೆ ಬೀಳುತ್ತದೆ.

ನಮ್ಮ ಊರುಗಳಲ್ಲಿ ಇದಕ್ಕೆಲ್ಲ ಮೇಲಿನ ಪರೀಕ್ಷೆ ಕರೆಂಟಿನದು. ರಾತ್ರಿ 2 ಗಂಟೆಗೆ ಕರೆಂಟು ಹೋಗಿ ಬಂದರೆ, ವಾಚ್‌ಮನ್ ಏನೂ ಮುಟ್ಟದೆ ಚೌಕಗಳು ಮತ್ತೆ ಮೂಡಬೇಕು. ಅದಕ್ಕೆ ಹಲವು ಕೊಂಡಿಗಳು ಕೂಡಬೇಕು. ಮಾಮೂಲಿ ಪಿಸಿಯಾದರೆ, ವಿದ್ಯುತ್ ಬಂದ ಕೂಡಲೇ ಯಂತ್ರ ತಾನೇ ಆನ್ ಆಗುವಂತೆ ಬಯಾಸ್‌ನಲ್ಲಿ ಒಂದು ಸೆಟ್ಟಿಂಗ್ ಬದಲಿಸಬೇಕು. ಪಾಸ್‌ವರ್ಡ್ ಕೇಳದೆ ಒಂದು ಸಾಮಾನ್ಯ ಬಳಕೆದಾರನ ಖಾತೆ ತೆರೆದುಕೊಳ್ಳಬೇಕು. ರೂಟರ್ ಮತ್ತು ಸ್ವಿಚ್ ಏಳಲು ತುಸು ಹೊತ್ತು ಹಿಡಿಯುವುದರಿಂದ, ಮೊದಲ ಪ್ರಯತ್ನಕ್ಕೆ ಕ್ಯಾಮೆರಾ ಸಿಗದಿದ್ದರೆ ತಂತ್ರಾಂಶ ಕೈಚೆಲ್ಲದೆ ಮತ್ತೆ ಮತ್ತೆ ಯತ್ನಿಸಬೇಕು. ತಾನೇ ಕೆಟ್ಟು ನಿಂತರೆ ಆಪರೇಟಿಂಗ್ ಸಿಸ್ಟಂ ಅದನ್ನು ಎಬ್ಬಿಸಬೇಕು. ಸ್ಕ್ರೀನ್ ಸೇವರ್, ಅಪ್‌ಡೇಟ್ ನೋಟಿಸುಗಳು ಬಂದ್ ಆಗಿರಬೇಕು. ಕಂಪ್ಯೂಟರಿಗಿಂತ ಟಿ.ವಿ. ತಡವಾಗಿ ಆನ್ ಆದರೆ ಕೆಲವು ಯಂತ್ರಗಳು ಪರದೆಯೇ ಇಲ್ಲವೆಂದು ತಿಳಿದು ಚಿತ್ರ ಕಳಿಸುವುದನ್ನೇ ಬಿಡುತ್ತವೆ. ಎಚ್‌ಡಿಎಂಐ ಸದಾ ಚಾಲೂ ಇರುವಂತೆ ಹೊಂದಿಸುವುದು ಅದಕ್ಕೆ ಮದ್ದು.

ಕಪ್ಪು ಪರದೆಗಿಂತ ಅಪಾಯಕಾರಿಯಾದದ್ದು ಇನ್ನೊಂದಿದೆ, ಹೆಪ್ಪುಗಟ್ಟಿದ ಚಿತ್ರ. ಕಪ್ಪಾದರೆ ಯಾರಾದರೂ ಫೋನ್ ಮಾಡುತ್ತಾರೆ. ಮಧ್ಯರಾತ್ರಿಯ ಖಾಲಿ ಕಾರಿಡಾರ್ ನಿಂತ ಚಿತ್ರವೋ ನಿಜಕ್ಕೂ ಖಾಲಿಯೋ ಎಂದು ನೋಡಿ ಹೇಳಲು ಯಾರಿಂದಲೂ ಆಗದು. ಪ್ರತಿ ಚೌಕದಲ್ಲೂ ಸೆಕೆಂಡು ಓಡುವ ಗಡಿಯಾರ ಇರಲೇಬೇಕು ಎನ್ನುವುದು ಇದಕ್ಕೇ. ಎಲ್ಲ ಕ್ಯಾಮೆರಾಗಳ ಗಡಿಯಾರವೂ ಒಂದೇ ಸಮಯ ತೋರಬೇಕು, ಇಲ್ಲವಾದರೆ ನಾಳೆ ಪೊಲೀಸರಿಗೆ ಕೊಡುವ ದೃಶ್ಯದಲ್ಲಿ ಕಳ್ಳ ಹೊರಗೆ ಹೋದ ಮೇಲೆ ಒಳಗೆ ಬಂದಂತೆ ಕಾಣುತ್ತದೆ.

ಭದ್ರತೆಯ ಪರದೆಯೇ ಭದ್ರತೆಯ ತೂತಾಗುವುದೂ ಉಂಟು. ಆರ್‌ಟಿಎಸ್‌ಪಿ ವಿಳಾಸದೊಳಗೆ ಕ್ಯಾಮೆರಾದ ಬಳಕೆದಾರ ಹೆಸರು, ಪಾಸ್‌ವರ್ಡ್ ಎರಡನ್ನೂ ಮುಚ್ಚುಮರೆಯಿಲ್ಲದೆ ಬರೆದಿಡುವುದು ರೂಢಿ. ಕಿಯೋಸ್ಕ್ ಕಂಪ್ಯೂಟರ್ ಕೈಗೆ ಸಿಕ್ಕವರು ಅದನ್ನು ಸುಲಭವಾಗಿ ಓದಬಲ್ಲರು. ಅಲ್ಲಿ ಅಡ್ಮಿನ್ ಪಾಸ್‌ವರ್ಡ್ ಹಾಕಬಾರದು. ಬರೀ ನೋಡಲು ಅನುಮತಿಯಿರುವ ಬೇರೊಂದು ಖಾತೆ ತೆರೆಯಬೇಕು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೆಕಾರ್ಡರ್‌ಗಳನ್ನು ಹುಡುಕಿ ವಶಪಡಿಸಿಕೊಂಡಿತು. ಆ ಅಕ್ಟೋಬರ್ 21ರಂದು ಅವುಗಳನ್ನೇ ಬಳಸಿ ವೆಬ್ ವಿಳಾಸಗಳಿಗೆ ದಾರಿ ತೋರುವ ಡೈನ್ ಎಂಬ ಕಂಪನಿಯ ಮೇಲೆ ದಾಳಿ ನಡೆದು, ಟ್ವಿಟರ್, ನೆಟ್‌ಫ್ಲಿಕ್ಸ್ ಸಹ ಎಷ್ಟೋ ಹೊತ್ತು ತೆರೆದುಕೊಳ್ಳಲಿಲ್ಲ. ಕ್ಯಾಮೆರಾಗಳಿಗೆ ಪ್ರತ್ಯೇಕ ನೆಟ್‌ವರ್ಕ್ ಇಟ್ಟು, ಹೊರಗಿನ ಇಂಟರ್ನೆಟ್ಟಿಗೆ ನೇರ ದಾರಿ ಕೊಡದಿರುವುದು ಲೇಸು.

ಇಷ್ಟೆಲ್ಲ ಆದರೂ ನೋಡುವುದು ಮನುಷ್ಯನ ಕಣ್ಣು. ಶಾಲೆಗಳ ಭದ್ರತೆಯ ಬಗ್ಗೆ ಅಮೆರಿಕದ ನ್ಯಾಯ ಇಲಾಖೆಯ ಸಂಶೋಧನಾ ಸಂಸ್ಥೆ 1999ರಲ್ಲಿ ಪ್ರಕಟಿಸಿದ ವರದಿ, 20 ನಿಮಿಷ ಪರದೆ ನೋಡುವಷ್ಟರಲ್ಲಿ ಹೆಚ್ಚಿನವರ ಗಮನ ಕೆಲಸಕ್ಕೆ ಬಾರದಷ್ಟು ಕುಸಿಯುತ್ತದೆ ಎಂದಿತ್ತು. ಹನ್ನೆರಡು ಗಂಟೆಯ ಪಾಳಿ ಮಾಡುವ, ನಡುನಡುವೆ ಗೇಟು ತೆಗೆದು, ರಿಜಿಸ್ಟರಿನಲ್ಲಿ ಹೆಸರು ಬರೆಸುವ ವಾಚ್‌ಮನ್‌ಗೆ 16 ಚೌಕ ಕೊಟ್ಟು ‘ನೀನು ನೋಡಲಿಲ್ಲ’ ಎಂದು ಬೈಯುವುದು ಅನ್ಯಾಯ. ಗೇಟಿನ ಪರದೆಗೆ ನಾಲ್ಕೇ ಚೌಕ ಸಾಕು: ಒಳಬಾಗಿಲು, ಹೊರಬಾಗಿಲು, ಹಿಂಬದಿ, ಲಿಫ್ಟಿನ ಮುಂಭಾಗ. ಉಳಿದದ್ದು ರೆಕಾರ್ಡ್ ಆಗುತ್ತಿರಲಿ. ಜನ ಸೇರುವ ಕಟ್ಟಡಗಳು ದೃಶ್ಯಗಳನ್ನು 30 ದಿನ ಕಾಪಿಡಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುವುದೂ ರೆಕಾರ್ಡಿಂಗ್ ಬಗ್ಗೆಯೇ.

ಹೊಸದಾಗಿ ಪರದೆ ಹಾಕಿಸುವ ಸಂಘದವರು, ಅಂಗಡಿಯವರು ಕೊನೆಯ ಕಂತಿನ ಹಣ ಕೊಡುವ ಮುಂಚೆ ಇಷ್ಟು ಮಾಡಲಿ: ಹಾಕಿದವರ ಎದುರಿಗೇ ಮೇನ್ ಸ್ವಿಚ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಲಿ. ಯಾರೂ ಏನನ್ನೂ ಮುಟ್ಟದೆ ಎಲ್ಲ ಚೌಕಗಳೂ ಗಡಿಯಾರದ ಸಮೇತ ಮರಳಿದರೆ ಬಿಲ್ ಪಾವತಿಸಲಿ.