ಬಿಸಿಗೆ ನಿಲ್ಲದ ಹಾಲು



“ಡಾಕ್ಟ್ರೇ, ಕರೆದು ಅರ್ಧ ಗಂಟೆ ಆಗಿರಲಿಲ್ಲ. ಮನೆಯಲ್ಲಿ ಕಾಯಿಸಿದರೆ ಒಡೆಯುವುದಿಲ್ಲ. ಸೊಸೈಟಿಯಲ್ಲಿ ಮಾತ್ರ ಒಡೆಯಿತು ಅಂತ ವಾಪಸು ಕಳಿಸ್ತಾರೆ.”

ಬಂಟ್ವಾಳದ ಒಳಗಿನ ಹಳ್ಳಿಯೊಂದರ ಸದಸ್ಯೆ ಹೀಗೆ ಹೇಳುವಾಗ ಅವರ ಸಿಟ್ಟೆಲ್ಲ ಕಾರ್ಯದರ್ಶಿಯ ಮೇಲಿತ್ತು. ನಾಲ್ಕು ದಿನದ ಹಾಲು ಹಿಂದೆ ಬಂದಿತ್ತು; ಒಂದೇ ದನ ಇರುವ ಮನೆಗೆ ಅದು ಸಣ್ಣ ನಷ್ಟವಲ್ಲ. ಹಟ್ಟಿಗೆ ಹೋಗಿ ನೋಡಿದೆ. ಕೆಚ್ಚಲಲ್ಲಿ ಬಾವು ಇರಲಿಲ್ಲ. ದನ ಎಂಟು ತಿಂಗಳ ಗಬ್ಬ, ಆದರೂ ದಿನಕ್ಕೆ ಎರಡು ಲೀಟರ್ ಕರೆಯುತ್ತಿದ್ದರು. ಹಾಲು ಹುಳಿಯಾಗಿರಲಿಲ್ಲ ನಿಜ, ಆದರೆ ಕಾರ್ಯದರ್ಶಿಯ ಪರೀಕ್ಷೆಯೂ ತಪ್ಪಾಗಿರಲಿಲ್ಲ.

ಡೈರಿಯಲ್ಲಿ ನಿಮ್ಮ ಹಾಲನ್ನು 72 ಡಿಗ್ರಿಗೆ ಕಾಯಿಸಿ 15 ಸೆಕೆಂಡು ಇಡುತ್ತಾರೆ. ತಿಂಗಳುಗಟ್ಟಲೆ ಇಡುವ ಪೊಟ್ಟಣದ ಹಾಲಿಗಾದರೆ 135 ಡಿಗ್ರಿಗಿಂತಲೂ ಹೆಚ್ಚು. ಅಲ್ಲಿ ಒಡೆದರೆ ಒಬ್ಬರ ಕ್ಯಾನಿನ ಹಾಲಲ್ಲ, ಎಲ್ಲರ ಹಾಲೂ ಹೋಯಿತು. ಮೇವು ಕತ್ತರಿಸುವ ಯಂತ್ರದ ಬೇರಿಂಗಿಗೆ ಹಾಕುವ ಗ್ರೀಸನ್ನೂ ಕಾರ್ಖಾನೆಯಲ್ಲಿ ಹೀಗೆಯೇ ಬಿಸಿ ಮಾಡಿ ನೋಡುತ್ತಾರಂತೆ, ಎಷ್ಟು ಡಿಗ್ರಿಗೆ ಮೊದಲ ಹನಿ ಬೀಳುತ್ತದೆ ಎಂದು. ಬಿಸಿ ತಾಳದ ವಸ್ತು ಬಾಗಿಲಲ್ಲೇ ತಿಳಿಯಬೇಕು.

ಸೊಸೈಟಿಯಲ್ಲಿ ಪ್ರತಿ ಕ್ಯಾನನ್ನೂ ಕಾಯಿಸುತ್ತ ಕೂರಲಾಗದು. ಅದಕ್ಕೇ ಎರಡು ಮಿ.ಲೀ. ಹಾಲಿಗೆ ಅಷ್ಟೇ ಮದ್ಯಸಾರ ಬೆರೆಸಿ ಅಲುಗಾಡಿಸುವುದು. ಹಾಲಿನ ಪ್ರೋಟೀನ್ ಕಣಗಳನ್ನು ಬಿಡಿಬಿಡಿಯಾಗಿ ಇಡುವುದು ಅವುಗಳ ಸುತ್ತಲಿನ ನೀರಿನ ಪದರ. ಮದ್ಯಸಾರ ಅದನ್ನು ಎಳೆದುಕೊಳ್ಳುತ್ತದೆ. ದುರ್ಬಲ ಹಾಲಾದರೆ ಕೊಳವೆಯ ಗೋಡೆಗೆ ಸಣ್ಣ ಸಣ್ಣ ಚೂರು ಅಂಟುತ್ತದೆ. ಕುದಿಯುವ ನೀರಿನಲ್ಲಿ ಕೊಳವೆ ಇಟ್ಟು ಐದು ನಿಮಿಷ ನೋಡುವ ಪರೀಕ್ಷೆಗಿಂತ ಇದು ಬಿಗಿ. ಮನೆಯಲ್ಲಿ ಕಾಯಿಸಿದಾಗ ಒಡೆಯದ ಹಾಲು ಇಲ್ಲಿ ಒಡೆಯುವುದು ಅದರಿಂದಲೇ.

ಗಬ್ಬದ ಕೊನೆಯ ತಿಂಗಳುಗಳಲ್ಲಿ ಹಾಲಿನ ಲವಣಗಳ ಹೊಂದಾಣಿಕೆ ಬದಲಾಗುತ್ತದೆ. ಆ ಅಕ್ಕನ ಹಾಲಿಗೆ ಆದದ್ದು ಅದೇ. ಎರಡು ಲೀಟರಿನ ಆಸೆ ಬಿಟ್ಟು ಕರೆಯುವುದನ್ನು ನಿಲ್ಲಿಸಿ ಎಂದೆ. ಕರು ಹಾಕುವ 60 ದಿನ ಮೊದಲೇ ನಿಲ್ಲಿಸಬೇಕಿತ್ತು. ಕೆಚ್ಚಲಿಗೆ ವಿಶ್ರಾಂತಿ ಸಿಕ್ಕರೆ ಮುಂದಿನ ಸೂಲಿನಲ್ಲಿ ಹಾಲೂ ಹೆಚ್ಚು.

ಮೂಡುಬಿದಿರೆ ಕಡೆಯ ಇನ್ನೊಂದು ಹಟ್ಟಿಯಲ್ಲಿ ನಾಲ್ಕು ದನ. ಪ್ರತಿ ದನದ ಹಾಲನ್ನು ಬೇರೆ ಬೇರೆ ಬಾಟಲಿಯಲ್ಲಿ ತರಿಸಿ ನೋಡಿದೆವು. ಮೂರು ಸರಿ, ಒಂದು ಮಾತ್ರ ಒಡೆಯಿತು. ಹೊರಗೆ ಏನೂ ಕಾಣದ ಕೆಚ್ಚಲು ಬಾವು, ಒಂದೇ ಮೊಲೆಯಲ್ಲಿ. ಅಷ್ಟು ದಿನ ಅದು ಉಳಿದ ಮೂರರ ಹಾಲನ್ನೂ ಕೆಡಿಸುತ್ತಿತ್ತು! ಮೊದಲ ನಾಲ್ಕು ಧಾರೆ ಕಪ್ಪು ಬಟ್ಟೆಯ ಮೇಲೆ ಕರೆದು ಗರಣೆ ಇದೆಯೇ ನೋಡುವ ಅಭ್ಯಾಸ ಒಳ್ಳೆಯದೇ, ಆದರೆ ಇಂಥ ಬಾವು ಅದರಲ್ಲಿ ಸಿಗದು. ಅದಕ್ಕೆ ನಮ್ಮಲ್ಲಿರುವ ದ್ರಾವಣ ಬೇಕು. ಹಾಲಿಗೆ ಬೆರೆಸಿದಾಗ ಲೋಳೆಯಾದರೆ ಬಾವು ಇದೆ ಎಂದರ್ಥ. ಔಷಧಿ ಕೊಟ್ಟ ಮೇಲೆ ನಾವು ಹೇಳಿದಷ್ಟು ದಿನ ಆ ಹಾಲು ಸೊಸೈಟಿಗೆ ಬೇಡ.

ಇನ್ನು ಹುಳಿ. ನಮ್ಮ ಕರಾವಳಿಯ ಸೆಕೆಗೆ ಇದೇ ದೊಡ್ಡ ಶತ್ರು. ಬೆಳ್ತಂಗಡಿಯ ಗುಡ್ಡದ ಮನೆಗಳಿಂದ ಸೊಸೈಟಿಗೆ ನಡೆಯುವ ದಾರಿ ಉದ್ದ. ಹಟ್ಟಿಯ ಕೆಲಸವೆಲ್ಲ ಮುಗಿಸಿ ಹೊರಡುವ ಬದಲು ಕರೆದ ಕೂಡಲೇ ಹೊರಡಿ, ಅಥವಾ ಮನೆಯಲ್ಲಿ ಯಾರಿದ್ದಾರೋ ಅವರ ಕೈಯಲ್ಲಿ ಕಳಿಸಿ. (ಗಂಡಸರಿಗೂ ಕ್ಯಾನು ಹಿಡಿಯಲು ಬರುತ್ತದೆ.) ರಾತ್ರಿ ಉಳಿದ ಹಾಲನ್ನು ಬೆಳಗ್ಗಿನ ಹಾಲಿಗೆ ಬೆರೆಸಬೇಡಿ. ಕ್ಯಾನಿನ ಮುಚ್ಚಳದ ಒಳಅಂಚನ್ನು ಉಜ್ಜಿ, ಬಿಸಿಲಲ್ಲಿ ಬೋರಲು ಒಣಗಿಸಿ. ಗಿಣ್ಣು ಹಾಲು ಕಾಯಿಸಿದರೆ ಗಟ್ಟಿಯಾಗುವುದು ನಿಮಗೆ ಗೊತ್ತೇ ಇದೆ; ಕರು ಹಾಕಿದ ಐದು ದಿನ ಅದು ಕರುವಿಗೇ ಇರಲಿ.

ಅಡುಗೆ ಸೋಡಾ ಹಾಕಿದರೆ ಒಡೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದು ಹುಳಿಯನ್ನು ಮುಚ್ಚುತ್ತದೆ, ರೋಗಾಣುಗಳನ್ನಲ್ಲ. ಪ್ರಯೋಗಾಲಯದಲ್ಲಿ ಒಂದೆರಡು ಹನಿ ರೊಸಾಲಿಕ್ ಆಮ್ಲ ಬಿದ್ದರೆ ಅಂಥ ಹಾಲು ಗುಲಾಬಿ ಕೆಂಪಾಗುತ್ತದೆ.

ಹಾಲು ವಾಪಸು ಬಂದ ದಿನ ಕಾರ್ಯದರ್ಶಿಯೊಡನೆ ಜಗಳಕ್ಕೆ ನಿಲ್ಲಬೇಡಿ, ಸುಮ್ಮನೆ ಹಿಂದಿರುಗಲೂ ಬೇಡಿ. ಯಾವ ಪರೀಕ್ಷೆಯಲ್ಲಿ ಒಡೆಯಿತು ಎಂದು ಕೇಳಿ, ನಿಮ್ಮೆದುರೇ ಇನ್ನೊಮ್ಮೆ ಮಾಡಿಸಿ. ಮರುದಿನ ಒಂದೊಂದು ದನದ ಹಾಲನ್ನು ಒಂದೊಂದು ತೊಳೆದ ಬಾಟಲಿಯಲ್ಲಿ ಹೆಸರು ಬರೆದು ತನ್ನಿ. ಯಾವ ದನ, ಎಷ್ಟು ತಿಂಗಳ ಗಬ್ಬ, ಇತ್ತೀಚೆಗೆ ಯಾವ ಔಷಧಿ ಕೊಟ್ಟದ್ದು, ಇಷ್ಟು ಹೇಳಿ ನಮಗೊಂದು ಫೋನ್ ಮಾಡಿ.